ಸಾರಿನ ಬಕೆಟ್ಟು, ಸಂಬಳದ ಚೀಟಿ

2024ರ ಶ್ರಾವಣ ಮಾಸ. ಸೋಮವಾರ ಮೊದಲನೇ ಪೀರಿಯಡ್. ಹತ್ತನೇ ಕ್ಲಾಸಿನಲ್ಲಿ ಲೆಕ್ಕದ ಪುಸ್ತಕ ತಿದ್ದುತ್ತಾ ಬೆಂಚುಗಳ ನಡುವೆ ಹೋಗುತ್ತಿದ್ದೆ. ಮೂರನೇ ಬೆಂಚಿನ ಹುಡುಗ ಪುಸ್ತಕ ಚಾಚಿದಾಗ ಅವನ ಬಲಗೈ ಮಣಿಕಟ್ಟು ಕಣ್ಣಿಗೆ ಬಿತ್ತು. ಕೆಂಪಗೆ ಬೊಬ್ಬೆ ಎದ್ದಿತ್ತು. ಮೇಲೆ ಟೂತ್‌ಪೇಸ್ಟ್ ಬಳಿದುಕೊಂಡಿದ್ದ. ಅದು ಒಣಗಿ ಬಿರುಕು ಬಿಟ್ಟಿತ್ತು.

"ಏನೋ ಇದು?"

"ಬಡಿಸಕ್ಕೆ ಹೋಗಿದ್ದೆ ಮಿಸ್. ಸಾರಿನ ಬಕೆಟ್ ಜಾರ್ತು."

ನಿನ್ನೆ ಒಂದು ಛತ್ರದಲ್ಲಿ ಮದುವೆ. ಮೊನ್ನೆ ರಾತ್ರಿ ಅಲ್ಲೇ ರಿಸೆಪ್ಷನ್. ಶನಿವಾರ ಸಂಜೆ ಹೋದವನು ರಾತ್ರಿ ಒಂದು ಗಂಟೆಯವರೆಗೆ ಬಡಿಸಿ, ಎಲೆ ಎತ್ತಿ, ಅಲ್ಲೇ ಜಮಖಾನದ ಮೇಲೆ ಮಲಗಿ, ಬೆಳಿಗ್ಗೆ ಐದಕ್ಕೆ ಎದ್ದು ತಿಂಡಿಗೆ ಮತ್ತೆ ಬಡಿಸಿದ್ದಾನೆ. ಎರಡೂ ಸೇರಿ ಸಾವಿರ ರೂಪಾಯಿ. ಅದರಲ್ಲಿ ತಂಗಿಗೆ ಸ್ಕೂಲ್ ಬ್ಯಾಗ್ ತಂದನಂತೆ. ಹೇಳುವಾಗ ಮುಖದಲ್ಲಿ ಇದ್ದ ಹೆಮ್ಮೆ ನೋಡಿ ನನಗೆ ಬೈಯೋಕೂ ಬಾಯಿ ಬರಲಿಲ್ಲ. ಸ್ಟಾಫ್ ರೂಮಿಗೆ ಕರೆದುಕೊಂಡು ಹೋಗಿ ಕೈ ತೊಳೆಸಿ ಮುಲಾಮು ಹಚ್ಚಿದೆ.

ಹಚ್ಚುತ್ತಾ ಸುಮ್ನೆ ಕೇಳಿದೆ, ಎಷ್ಟು ಜನ ಇದ್ದರು ಅಂತ. "ಆರು ನೂರು ಎಲೆ ಮಿಸ್. ನಾಲ್ಕು ಪಂಕ್ತಿ. ಮೂರನೇ ಪಂಕ್ತಿಗೇ ಪಲ್ಯ ಖಾಲಿ ಆಯ್ತು. ಮೊದ್ಲೆರಡು ಪಂಕ್ತೀಲಿ ಜಾಸ್ತಿ ಬಡಿಸ್ಬಿಟ್ವಿ. ಒಂದು ಸೌಟು ಬದ್ಲು ಮುಕ್ಕಾಲು ಹಾಕಿದ್ರೆ ಕೊನೇವರೆಗೂ ಬರ್ತಿತ್ತು." ಅನುಪಾತದ ಪಾಠದಲ್ಲಿ ಇದೇ ಹುಡುಗ ಪರೀಕ್ಷೆಯಲ್ಲಿ 25ಕ್ಕೆ 9 ತೆಗೆದಿದ್ದ. ಅಡುಗೆಯವರು ಆರು ನೂರು ಎಲೆಗೆ ಎಷ್ಟು ಅಕ್ಕಿ, ಎಷ್ಟು ಬೇಳೆ ಅಂತ ಹೇಗೆ ಲೆಕ್ಕ ಹಾಕುತ್ತಾರೆ ಅಂತ ಕೇಳಿದೆ. ಅವನಿಗೆ ಗೊತ್ತಿರಲಿಲ್ಲ. "ನಮ್ಮನ್ನ ಒಳಗೆ ಬಿಡಲ್ಲ ಮಿಸ್. ಬಕೆಟ್ ಕೊಡ್ತಾರೆ, ಓಡು ಅಂತಾರೆ, ಅಷ್ಟೇ."

ನಾನು ಮೈಸೂರಿನ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಡುತ್ತೇನೆ. ಈ ಹುಡುಗನಂಥವರು ಪ್ರತಿ ಕ್ಲಾಸಿನಲ್ಲೂ ಏಳೆಂಟು ಜನ ಇರುತ್ತಾರೆ. ಛತ್ರಕ್ಕೆ ಹೋಗುವವರು, ಭಾನುವಾರ ಮೊಬೈಲ್ ಅಂಗಡಿಯಲ್ಲಿ ಕವರ್ ಮಾರುವವರು, ದಸರಾ ರಜದಲ್ಲಿ ಬಲೂನ್ ಮಾರುವವರು, ಅಮ್ಮನ ಜೊತೆ ಮನೆಗೆಲಸಕ್ಕೆ ಹೋಗುವ ಹುಡುಗಿಯರು. ಮಕ್ಕಳು ಕೆಲಸ ಮಾಡಬೇಕೋ ಬೇಡವೋ ಅಂತ ನಾವು ದೊಡ್ಡವರು ಚರ್ಚೆ ಮಾಡುತ್ತಾ ಕೂತಿರುತ್ತೇವೆ. ಅವರು ಆಗಲೇ ಮಾಡುತ್ತಿದ್ದಾರೆ.

ನಮ್ಮ ಬೀದಿಯಲ್ಲೇ ಇನ್ನೊಬ್ಬಳು ಹುಡುಗಿ ಇದ್ದಾಳೆ. ಅವನ ವಯಸ್ಸಿನವಳೇ. ಓದುವುದು ಖಾಸಗಿ ಶಾಲೆಯಲ್ಲಿ. ಬೇಸಿಗೆ ರಜದಲ್ಲಿ ಅಪ್ಪನ ಸ್ನೇಹಿತರ ಕಂಪನಿಯಲ್ಲಿ ಹದಿನೈದು ದಿನ ಇಂಟರ್ನ್‌ಶಿಪ್ ಮಾಡಿದಳು. ಮೀಟಿಂಗಿನಲ್ಲಿ ಕೂರಿಸಿಕೊಂಡರಂತೆ, ಎಕ್ಸೆಲ್ ಕಲಿಸಿದರಂತೆ. ಸಂಬಳ ಇಲ್ಲ, ಸರ್ಟಿಫಿಕೇಟ್ ಕೊಟ್ಟರು. ಒಳ್ಳೆಯ ಹುಡುಗಿ, ಚೆನ್ನಾಗಿ ಕಲಿತಿದ್ದಾಳೆ. ಅವಳ ಮೇಲೆ ನನಗೆ ಒಂದಿಷ್ಟೂ ಬೇಜಾರಿಲ್ಲ. ಆದರೆ ನನ್ನ ಮೂರನೇ ಬೆಂಚಿನ ಹುಡುಗನಿಗೆ ಅಂಥ ಹದಿನೈದು ದಿನ ಯಾರಾದರೂ ಕೊಡುತ್ತೇನೆ ಅಂದರೂ ಅವನು ಹೋಗೋಕೆ ಆಗಲ್ಲ. ಹದಿನೈದು ದಿನದ ದುಡಿಮೆ ಬಿಟ್ಟರೆ ಮನೆಯಲ್ಲಿ ಕಷ್ಟ. ಅವನಿಗೆ ಸಂಬಳ ಸಿಗುವ ಕಡೆ ಕಲಿಕೆ ಇಲ್ಲ. ಇವಳಿಗೆ ಕಲಿಕೆ ಸಿಕ್ಕ ಕಡೆ ಸಂಬಳ ಇಲ್ಲ. ಎರಡೂ ಒಂದೇ ಕಡೆ ಸಿಗುವ ಜಾಗ ನಮ್ಮೂರಿನಲ್ಲಿ ಎಲ್ಲಿದೆ ಅಂತ ಆವತ್ತಿನಿಂದ ತಲೆಯಲ್ಲಿ ಕೊರೆಯೋಕೆ ಶುರುವಾಯಿತು.

ಅದೇ ಹೊತ್ತಿಗೆ ನ್ಯೂಯಾರ್ಕಿನಿಂದ ತಂಗಿ ಮಗಳ ಫೋನು. ಅವರು ಇರುವುದು ಆ ಊರಿನ ಕ್ವೀನ್ಸ್ ಅನ್ನುವ ಭಾಗದಲ್ಲಿ. ಅವಳಿಗೆ ಆಗ ಹದಿನಾರು. ವಿಡಿಯೋ ಕಾಲ್‌ನಲ್ಲಿ ಒಂದು ಕಾಗದ ಹಿಡಿದು ತೋರಿಸುತ್ತಾ, "ದೊಡ್ಡಮ್ಮ, ನನ್ನ ಸಂಬಳದಲ್ಲಿ ದುಡ್ಡು ಹಿಡ್ಕೊಂಡಿದಾರೆ ನೋಡು!" ಅಂತ ಸಿಟ್ಟಿನಲ್ಲಿ ಹೇಳಿದಳು. ಅದು ಅವಳ ಜೀವನದ ಮೊದಲ ಸಂಬಳದ ಚೀಟಿ.

ಆ ಊರಿನಲ್ಲಿ ನಗರಾಡಳಿತವೇ ನಡೆಸುವ ಒಂದು ಕಾರ್ಯಕ್ರಮ ಇದೆ. ಸಮ್ಮರ್ ಯೂತ್ ಎಂಪ್ಲಾಯ್‌ಮೆಂಟ್ ಪ್ರೋಗ್ರಾಂ ಅಂತ ಹೆಸರು. 1963ರಲ್ಲಿ ಶುರುವಾಗಿದ್ದು. 14ರಿಂದ 24 ವರ್ಷದವರು ಅರ್ಜಿ ಹಾಕಬಹುದು. ಜುಲೈ, ಆಗಸ್ಟ್ ರಜದಲ್ಲಿ ಆರು ವಾರ ಕೆಲಸ. 16 ತುಂಬಿದವರಿಗೆ ವಾರಕ್ಕೆ ಹೆಚ್ಚೆಂದರೆ 25 ಗಂಟೆ, ಊರಿನ ಕನಿಷ್ಠ ವೇತನದ ಲೆಕ್ಕದಲ್ಲಿ ಸಂಬಳ. 2024ರಲ್ಲಿ ಅದು ಗಂಟೆಗೆ 16 ಡಾಲರ್ ಇತ್ತು. 14, 15 ವರ್ಷದವರಿಗೆ ಕೆಲಸಕ್ಕಿಂತ ಕಲಿಕೆ ಜಾಸ್ತಿ, ಅವರಿಗೆ 700 ಡಾಲರ್‌ವರೆಗೆ ಸ್ಟೈಪೆಂಡ್. ಈಚಿನ ವರ್ಷಗಳಲ್ಲಿ ಒಂದೊಂದು ಬೇಸಿಗೆಗೆ ಲಕ್ಷದ ಹತ್ತಿರ ಮಕ್ಕಳಿಗೆ ಜಾಗ ಕೊಡುತ್ತಿದ್ದಾರೆ. ಆಸ್ಪತ್ರೆ, ಮ್ಯೂಸಿಯಂ, ಮಕ್ಕಳ ಶಿಬಿರ, ವಕೀಲರ ಕಚೇರಿ, ಬೀದಿ ಬದಿಯ ಸಣ್ಣ ಅಂಗಡಿ, ಎಲ್ಲ ಕಡೆ ಕಳಿಸುತ್ತಾರೆ. ಸಂಬಳದ ದುಡ್ಡು ನಗರಾಡಳಿತದ್ದು. ಅದಕ್ಕೇ ಸಣ್ಣ ಅಂಗಡಿಯವರೂ ಧೈರ್ಯವಾಗಿ ಒಬ್ಬರನ್ನು ಸೇರಿಸಿಕೊಳ್ಳುತ್ತಾರೆ.

ನನ್ನ ತಂಗಿ ಮಗಳಿಗೆ ಸಿಕ್ಕಿದ್ದು ವಯಸ್ಸಾದವರು ಹಗಲು ಹೊತ್ತು ಬಂದು ಕೂರುವ ಒಂದು ಕೇಂದ್ರ. ಅಜ್ಜ ಅಜ್ಜಿಯರಿಗೆ ಫೋನಿನಲ್ಲಿ ಡಾಕ್ಟರ ಅಪಾಯಿಂಟ್‌ಮೆಂಟ್ ಮಾಡುವುದು ಹೇಗೆ, ಮೊಮ್ಮಕ್ಕಳಿಗೆ ಫೋಟೋ ಕಳಿಸುವುದು ಹೇಗೆ ಅಂತ ಹೇಳಿಕೊಡುವ ಕೆಲಸ. ವಾರಕ್ಕೆ 400 ಡಾಲರ್. ಅವಳಿಗೆ ಸಿಟ್ಟು ಬಂದಿದ್ದು ಸೋಷಿಯಲ್ ಸೆಕ್ಯುರಿಟಿ, ಮೆಡಿಕೇರ್ ಅಂತ ಶೇ 7.65 ಹಿಡಿದಿದ್ದಕ್ಕೆ. 30 ಡಾಲರ್ 60 ಸೆಂಟು. "ಇದು ಯಾರಿಗೆ ಹೋಗುತ್ತೆ?" ಅಂತ ಕೇಳಿದಳು. ದಿನಾ ನಿನ್ನ ಹತ್ತಿರ ಫೋನ್ ಕಲಿಯೋಕೆ ಬರ್ತಾರಲ್ಲ, ಅಂಥ ಅಜ್ಜ ಅಜ್ಜಿಯರ ಪಿಂಚಣಿಗೆ, ಆಸ್ಪತ್ರೆ ಖರ್ಚಿಗೆ ಅಂತ ಅವಳ ಅಪ್ಪ ಹಿಂದಿನಿಂದ ಹೇಳಿದರು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ "ಹಾಗಾದ್ರೆ ಸರಿ" ಅಂದಳು.

ಅದಕ್ಕೂ ಹಿಂದಿನ ವರ್ಷ ಅವಳಿಗೆ ಕೆಲಸ ಸಿಕ್ಕಿರಲಿಲ್ಲ. ಯಾಕೆಂದರೆ ಅಲ್ಲಿ ಹೆಚ್ಚಿನ ಜಾಗಗಳಿಗೆ ಲಾಟರಿ. ಅರ್ಜಿ ಹಾಕಿದವರು ಜಾಸ್ತಿ, ಜಾಗ ಕಡಿಮೆ. ಮಾರ್ಕ್ಸ್ ನೋಡಲ್ಲ, ಅಪ್ಪ ಯಾರು ಅಂತ ಕೇಳಲ್ಲ. ನನಗೆ ಇಡೀ ವ್ಯವಸ್ಥೆಯಲ್ಲಿ ತುಂಬಾ ಹಿಡಿಸಿದ್ದು ಇದೇ.

ಮರುದಿನ ಆ ಸಂಬಳದ ಚೀಟಿಯ ಲೆಕ್ಕವನ್ನೇ ಕ್ಲಾಸಿನಲ್ಲಿ ಬೋರ್ಡಿನ ಮೇಲೆ ಬರೆದೆ. 16 ಗುಣಿಲೆ 25. ಅದರಲ್ಲಿ ಶೇ 7.65. ಆ ಕೆಲಸ ಲಾಟರಿಯಲ್ಲಿ ಸಿಕ್ಕಿದ್ದು ಅಂತಲೂ ಹೇಳಿದೆ. ಶೇಕಡಾ ಲೆಕ್ಕ ಅಂದರೆ ಮುಖ ಗಂಟಿಕ್ಕುವ ಮಕ್ಕಳು ಆವತ್ತು ಬೆಲ್ ಹೊಡೆದರೂ ಏಳಲಿಲ್ಲ. ಕೈಗೆ ಬೊಬ್ಬೆ ಬಂದಿದ್ದ ಹುಡುಗ ಕೊನೆಗೆ ಕೇಳಿದ: "ಮಿಸ್, ನಮ್ಮೂರಲ್ಲೂ ಹಂಗೆ ಚೀಟಿ ಎತ್ತುತಾರಾ?"

ಇಲ್ಲ ಕಣೋ ಅಂದೆ. ಆ ಉತ್ತರ ನನಗೇ ಸರಿಹೋಗಲಿಲ್ಲ.

ಆ ಲಾಟರಿಯಿಂದ ಇನ್ನೊಂದು ಉಪಯೋಗವೂ ಆಗಿದೆ. ಚೀಟಿ ಬಂದವರು, ಬರದವರು ಇಬ್ಬರನ್ನೂ ಪಕ್ಕಪಕ್ಕ ಇಟ್ಟು ಮುಂದೆ ಏನಾಯಿತು ಅಂತ ನೋಡಬಹುದು. 2005ರಿಂದ 2008ರವರೆಗೆ ನ್ಯೂಯಾರ್ಕಿನಲ್ಲಿ ಅರ್ಜಿ ಹಾಕಿದ 3 ಲಕ್ಷಕ್ಕೆ ಹತ್ತಿರದ ಮಕ್ಕಳನ್ನು ಹೀಗೆ ಹೋಲಿಸಿದ್ದಾರೆ. ಕೆಲಸ ಸಿಕ್ಕ ಮಕ್ಕಳು ಮುಂದೆ ಜಾಸ್ತಿ ಸಂಪಾದಿಸಲಿಲ್ಲ. ಕಾಲೇಜಿಗೂ ಹೆಚ್ಚು ಜನ ಹೋಗಲಿಲ್ಲ. ಆದರೆ ಅವರಲ್ಲಿ ಜೈಲಿಗೆ ಹೋದವರು ಕಡಿಮೆ, ಚಿಕ್ಕ ವಯಸ್ಸಿಗೇ ಸತ್ತವರು ಕಡಿಮೆ. ಶಿಕಾಗೋದಲ್ಲಿ 2012ರ ಬೇಸಿಗೆಯಲ್ಲಿ ಎಂಟು ವಾರದ ಇಂಥದೇ ಕೆಲಸ ಕೊಟ್ಟರು. ಮುಂದಿನ 16 ತಿಂಗಳಲ್ಲಿ ಹೊಡೆದಾಟ, ಹಿಂಸೆಯ ಕೇಸಿನಲ್ಲಿ ಆ ಮಕ್ಕಳ ಬಂಧನ, ಕೆಲಸ ಸಿಗದವರಿಗೆ ಹೋಲಿಸಿದರೆ, ಶೇ 43ರಷ್ಟು ಕಡಿಮೆ ಇತ್ತು. ಇಂಟರ್ನ್‌ಶಿಪ್ ಮಾಡಿದರೆ ಮುಂದೆ ದೊಡ್ಡ ಸಂಬಳ ಬರುತ್ತದೆ ಅಂತ ಹೇಳಿ ಜಾಹೀರಾತು ಕೊಡುವವರಿಗೆ ಈ ಫಲಿತಾಂಶ ಹಿಡಿಸಲಿಕ್ಕಿಲ್ಲ. ನನಗೆ ಮಾತ್ರ ಓದಿ ಕಣ್ಣು ತುಂಬಿ ಬಂತು. ಹದಿನೈದು ಹದಿನಾರರ ಹುಡುಗರನ್ನು ದಿನಾ ನೋಡುವವರಿಗೆ ಒಂದು ಖಾಲಿ ಬೇಸಿಗೆ ಅಂದರೆ ಏನು ಅಂತ ಗೊತ್ತು.

ನನ್ನ ಬೇಸಿಗೆಯ ಕಥೆಯನ್ನೂ ಹೇಳಬೇಕು. 1989ರಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದಾಗ ಅಗ್ರಹಾರದ ಕಡೆ ಒಂದು ಸಣ್ಣ ಪ್ರೆಸ್ಸಿಗೆ ಅಪ್ಪ ನನ್ನನ್ನು ಸೇರಿಸಿದರು. ಪ್ರೆಸ್ಸಿನ ಯಜಮಾನರು ಅಪ್ಪನ ಪರಿಚಯ. ನಮಗೂ ಅಂಥ ಪರಿಚಯದಿಂದಲೇ ಬಾಗಿಲು ತೆರೆದಿದ್ದು, ಅದನ್ನು ನಾನು ಮರೆತಿಲ್ಲ. ದಿನಕ್ಕೆ ಐದು ರೂಪಾಯಿ. ಒಂದೊಂದು ಅಕ್ಷರದ ಅಚ್ಚಿನ ಮೊಳೆ ಜೋಡಿಸಿ ಪುಟ ಮಾಡುವ ಕಾಲ ಇನ್ನೂ ಮುಗಿದಿರಲಿಲ್ಲ. ಅಚ್ಚಾದ ಮೇಲೆ ಪುಟ ಬಿಚ್ಚಿ, ಸೀಮೆಎಣ್ಣೆಯಲ್ಲಿ ಮೊಳೆ ಒರೆಸಿ, ಒಂದೊಂದನ್ನೂ ಅದರದರ ಖಾನೆಗೆ ವಾಪಸ್ ಹಾಕುವುದು ನನ್ನ ಕೆಲಸ. ಕಕಾರದ ಖಾನೆ ಇಲ್ಲಿ, ಒತ್ತಕ್ಷರದ ಖಾನೆ ಅಲ್ಲಿ. ಅಕ್ಷರಗಳು ತಿರುಗುಮುರುಗು ಇರುತ್ತವೆ. ಎರಡನೇ ವಾರಕ್ಕೆ ತಿರುಗುಮುರುಗು ಕನ್ನಡವನ್ನು ಸರಾಗವಾಗಿ ಓದುತ್ತಿದ್ದೆ.

ಮೂರನೇ ವಾರ ಒಂದು ಮದುವೆ ಕಾಗದದ ಪ್ರೂಫ್ ನೋಡಲು ಕೊಟ್ಟರು. ಮುಹೂರ್ತದ ತಾರೀಖು ಸರಿ ಇತ್ತು, ವಾರ ತಪ್ಪಾಗಿತ್ತು. ಭಾನುವಾರ ಇರಬೇಕಾದ ಕಡೆ ಸೋಮವಾರ. ನನಗೆ ಕಾಣಲೇ ಇಲ್ಲ. ಮುನ್ನೂರು ಕಾರ್ಡು ಅಚ್ಚಾಗಿ ಒಣಗಲು ಹರಡಿದ ಮೇಲೆ ಕಂಪೋಸಿಟರ್ ಅಣ್ಣ ನೋಡಿದರು. ನನಗೆ ಕೈಕಾಲು ತಣ್ಣಗಾಯಿತು. ಯಜಮಾನರು ಬೈಯಲಿಲ್ಲ. ಸ್ಟೂಲ್ ಎಳೆದು ಪಕ್ಕ ಕೂರಿಸಿಕೊಂಡು, ಕಾಗದದ ಕೊನೆಯ ಸಾಲಿನಿಂದ ಮೇಲಕ್ಕೆ ಒಂದೊಂದೇ ಪದ ಓದಿಸಿದರು. ಅರ್ಥ ಹಿಡಿದು ಓದಿದರೆ ಕಣ್ಣು ಮುಂದೆ ಓಡುತ್ತದೆ, ಹಿಂದಿನಿಂದ ಓದಿದರೆ ಪ್ರತಿ ಪದಕ್ಕೂ ನಿಲ್ಲುತ್ತದೆ ಅಂತ ಹೇಳಿದರು. ತಾರೀಖು ಬಂದ ಕಡೆಯೆಲ್ಲ ಕ್ಯಾಲೆಂಡರ್ ತೆಗೆದು ಬೆರಳಿಟ್ಟು ನೋಡಬೇಕು ಅಂದರು. ಆ ಶನಿವಾರ ಸಂಬಳ ಕೊಡುವಾಗ ನಾನು ಕೈ ಮುಂದೆ ಮಾಡಲಿಲ್ಲ. ಮೂವತ್ತು ರೂಪಾಯಿ ಪೂರ್ತಿ ಎಣಿಸಿ ಕೊಟ್ಟರು. ಮೂವತ್ತೇಳು ವರ್ಷ ಆಯಿತು. ಪ್ರಶ್ನೆಪತ್ರಿಕೆ ಮಾಡಿದಾಗ ಇವತ್ತಿಗೂ ಕೊನೆಯ ಸಾಲಿನಿಂದ ಮೇಲಕ್ಕೆ ಓದುತ್ತೇನೆ.

ಆ ಮೊಳೆಗಳು ಸೀಸದವು. ಅದೇ ಕೈಯಲ್ಲಿ ತಿಂಡಿ ತಿನ್ನುತ್ತಿದ್ದೆವು. ಇವತ್ತು ಮಕ್ಕಳನ್ನು ಅಂಥ ಕೆಲಸಕ್ಕೆ ನಾನು ಖಂಡಿತ ಕಳಿಸಲ್ಲ. ಆಗ ಯಾರೂ ಅದನ್ನು ಯೋಚಿಸುತ್ತಿರಲಿಲ್ಲ.

ಸ್ಟಾಫ್ ರೂಮಿನಲ್ಲಿ ಈ ಮಾತು ತೆಗೆದಾಗ ಹಿರಿಯ ಸಹೋದ್ಯೋಗಿ ಒಬ್ಬರು ಕಡ್ಡಿ ಮುರಿದ ಹಾಗೆ ಹೇಳಿದರು: "ಓದೋ ವಯಸ್ಸಲ್ಲಿ ದುಡ್ಡಿನ ರುಚಿ ಹತ್ತಿಸಬೇಡಿ ಮೇಡಂ. ಇದು ಬಾಲಕಾರ್ಮಿಕ ಪದ್ಧತಿ ಆಗುತ್ತೆ." ಅವರ ಭಯ ಸುಳ್ಳಲ್ಲ. ರಜದಲ್ಲಿ ಗ್ಯಾರೇಜಿಗೆ ಹೋದ ನನ್ನ ಇಬ್ಬರು ವಿದ್ಯಾರ್ಥಿಗಳು ಜೂನ್‌ನಲ್ಲಿ ವಾಪಸ್ ಬರಲೇ ಇಲ್ಲ. ಮನೆಗೆ ಹೋಗಿ ಕರೆದರೂ ಬರಲಿಲ್ಲ. ಆ ಎರಡು ಖಾಲಿ ಜಾಗ ನನಗೆ ಇನ್ನೂ ಕಣ್ಣ ಮುಂದೆ ಇದೆ.

ಹಾಗಾಗಿ ಬಾಲಕಾರ್ಮಿಕ ಕಾನೂನು ಓದಿಕೊಂಡೆ. 2016ರ ತಿದ್ದುಪಡಿ ಆದ ಮೇಲೆ 14 ತುಂಬದ ಮಕ್ಕಳನ್ನು ಕೆಲಸಕ್ಕೆ ಇಟ್ಟುಕೊಳ್ಳುವ ಹಾಗಿಲ್ಲ. 14ರಿಂದ 18ರವರು ಅಪಾಯದ ಕೆಲಸ ಮಾಡುವ ಹಾಗಿಲ್ಲ, ಬೇರೆ ಕೆಲಸ ಮಾಡಬಹುದು. ಅದಕ್ಕೂ ಮಿತಿ ಇದೆ. ಒಂದೇ ಸಮ ಮೂರು ಗಂಟೆಗಿಂತ ಜಾಸ್ತಿ ದುಡಿಸಬಾರದು, ಆಮೇಲೆ ಒಂದು ಗಂಟೆ ಬಿಡುವು ಕೊಡಬೇಕು. ಬಿಡುವೂ ಸೇರಿ ದಿನಕ್ಕೆ ಆರು ಗಂಟೆ ದಾಟಬಾರದು. ರಾತ್ರಿ ಏಳರಿಂದ ಬೆಳಿಗ್ಗೆ ಎಂಟರವರೆಗೆ ಕೆಲಸ ಇಲ್ಲ. ಓವರ್‌ಟೈಮ್ ಇಲ್ಲ. ವಾರಕ್ಕೊಂದು ರಜ ಕೊಡಲೇಬೇಕು. ಇದನ್ನು ಓದುತ್ತಾ ಛತ್ರದಲ್ಲಿ ರಾತ್ರಿ ಒಂದು ಗಂಟೆಗೆ ಎಲೆ ಎತ್ತುತ್ತಿದ್ದ ನನ್ನ ಹುಡುಗನೇ ನೆನಪಾದ. ನಾವು ಯಾವ ಮದುವೆಗೆ ಹೋದರೂ ಅಲ್ಲಿ ಅಂಥ ಒಬ್ಬ ಇರುತ್ತಾನೆ. ಅವನ ಕೈಯಿಂದ ಬಡಿಸಿಕೊಂಡು ಊಟ ಮಾಡಿ ಬರುತ್ತೇವೆ. ನಾನೂ ಬಂದಿದ್ದೇನೆ.

ಸರ್ಕಾರದ ಕಡೆಯಿಂದ ಏನಿದೆ ಅಂತಲೂ ನೋಡಿದೆ. 2024ರ ಅಕ್ಟೋಬರ್‌ನಲ್ಲಿ ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆ ಶುರುವಾಯಿತು. ಆಗ ತಿಂಗಳಿಗೆ 5,000 ರೂಪಾಯಿ ಇತ್ತು. ಒಳ್ಳೆಯದೇ. ಆದರೆ ಶುರುವಾದಾಗ ಇಟ್ಟ ವಯಸ್ಸು 21ರಿಂದ 24. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ 6ರಿಂದ 8ನೇ ತರಗತಿಯವರಿಗೆ ಬ್ಯಾಗ್ ಇಲ್ಲದ ಹತ್ತು ದಿನ ಅಂತ ಇದೆ. ಬಡಗಿ, ಕುಂಬಾರ, ತೋಟದವರ ಹತ್ತಿರ ಹೋಗಿ ಕಲಿಯುವುದು. ಅದೂ ಒಳ್ಳೆಯದೇ. ಎಂಟನೇ ಕ್ಲಾಸಿನಿಂದ ಇಪ್ಪತ್ತೊಂದು ವರ್ಷದವರೆಗೆ, ಮಕ್ಕಳು ಕೈತಪ್ಪಿ ಹೋಗುವ ಆ ನಡುವಿನ ಕಾಲಕ್ಕೆ ಮಾತ್ರ ಕೈಯಲ್ಲಿ ಒಂದಿಷ್ಟು ದುಡ್ಡೂ ಸಿಗುವ ಇಂಥ ಬೇಸಿಗೆ ನನ್ನ ಕಣ್ಣಿಗೆ ಬೀಳಲಿಲ್ಲ.

ಮೈಸೂರಿನಂಥ ಊರಿನಲ್ಲಿ ಜಾಗಕ್ಕೇನು ಬರ? ಮಾನಸಗಂಗೋತ್ರಿಯಲ್ಲಿ ಭಾರತೀಯ ಭಾಷಾ ಸಂಸ್ಥಾನ ಇದೆ, ವಾಕ್ ಶ್ರವಣ ಸಂಸ್ಥೆ ಇದೆ. 1892ರ ಮೃಗಾಲಯ, 1979ರ ರೈಲ್ವೆ ಮ್ಯೂಸಿಯಂ, ಕಾರಂಜಿ ಕೆರೆ ದಡದ ನಿಸರ್ಗ ಮ್ಯೂಸಿಯಂ. ಮಕ್ಕಳನ್ನು ಒಮ್ಮೆ ಪ್ರಾಚ್ಯವಿದ್ಯಾ ಸಂಶೋಧನಾಲಯಕ್ಕೆ ಕರೆದುಕೊಂಡು ಹೋಗಿದ್ದೆ. ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರದ ಓಲೆಗರಿ ಗುರುತಿಸಿದ್ದು ಆ ಸಂಸ್ಥೆಯಲ್ಲೇ. ಅರ್ಧ ಗಂಟೆ ನೋಡಿ, ಸಾಲಾಗಿ ನಿಂತು ಫೋಟೋ ತೆಗೆಸಿಕೊಂಡು ಬಂದೆವು. ಅಲ್ಲಿ ಒಬ್ಬ ಹುಡುಗಿ ನಾಲ್ಕು ವಾರ ಕೂತು ಪಟ್ಟಿ ಬರೆಯುವ, ನಂಬರ್ ಹಚ್ಚುವ ಕೆಲಸ ಮಾಡಿದರೆ ಅವಳಿಗೆ ಆ ಜಾಗ ತನ್ನದಾಗುತ್ತದೆ. ಮೃಗಾಲಯದಲ್ಲಿ ಭಾನುವಾರದ ಜನಜಂಗುಳಿಗೆ ಪ್ರಾಣಿಗಳ ಬಗ್ಗೆ ಹೇಳಲು ನಮ್ಮ ಮಕ್ಕಳಿಗಿಂತ ಉತ್ಸಾಹದವರು ಯಾರು ಸಿಗುತ್ತಾರೆ?

ಲೆಕ್ಕದ ಮೇಡಂ ಅಲ್ವಾ, ಖರ್ಚೂ ಹಾಕಿ ನೋಡಿದೆ. ದಿನಕ್ಕೆ ನಾಲ್ಕು ಗಂಟೆ, ವಾರಕ್ಕೆ ಐದು ದಿನ, ನಾಲ್ಕು ವಾರ. ಒಟ್ಟು 80 ಗಂಟೆ. ಗಂಟೆಗೆ 75 ರೂಪಾಯಿ ಅಂದರೆ ಒಬ್ಬರಿಗೆ 6,000. ಐನೂರು ಮಕ್ಕಳಿಗೆ 30 ಲಕ್ಷ. ಇಡೀ ಮೈಸೂರಿಗೆ ಇದು ಹೊರಲಾರದ ಹೊರೆ ಅಂತ ನನಗೆ ಅನಿಸಲ್ಲ.

2025ರ ಏಪ್ರಿಲ್‌ನಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿಯಿತು. ಅಷ್ಟರಲ್ಲಿ ನಾವು ಮೂರು ಜನ ಟೀಚರ್‌ಗಳು ಮೂರು ಜಾಗ ಹುಡುಕಿದ್ದೆವು. ಅರ್ಧ ಸಂಬಳ ಅವರದು, ಅರ್ಧ ನಮ್ಮದು. ತಲಾ ಮೂರು ಸಾವಿರ ನಾವು ತೆಗೆದಿಟ್ಟೆವು. ಬೆಳಿಗ್ಗೆ ಹತ್ತರಿಂದ ಒಂದು, ಊಟ ಮಾಡಿ ಎರಡರಿಂದ ಮೂರು. ಮೇ ತಿಂಗಳಿಗೆ ಕೆಲಸ ಮುಗಿಯಬೇಕು, ಜೂನ್‌ನಲ್ಲಿ ಪಿಯು ಸೇರಬೇಕು ಅಂತ ಅಪ್ಪ ಅಮ್ಮಂದಿರಿಂದ ಬರೆಸಿಕೊಂಡೆವು. ಹತ್ತು ವರ್ಷ ದಾಟಿದ ಮಕ್ಕಳು ಬ್ಯಾಂಕಿನಲ್ಲಿ ಸ್ವಂತ ಉಳಿತಾಯ ಖಾತೆ ನಡೆಸಬಹುದು ಅಂತ ರಿಸರ್ವ್ ಬ್ಯಾಂಕ್ ನಿಯಮ ಇದೆ. ಮೂವರಿಗೂ ಖಾತೆ ಮಾಡಿಸಿದೆವು.

ಒಬ್ಬಳು ಸರಸ್ವತಿಪುರಂನ ಒಂದು ಡಿಟಿಪಿ ಅಂಗಡಿಯಲ್ಲಿ ನುಡಿ ಅನ್ನುವ ಸಾಫ್ಟ್‌ವೇರ್‌ನಲ್ಲಿ ಕನ್ನಡ ಟೈಪಿಂಗ್ ಕಲಿತಳು. ಈಗ ಕಾಲೇಜಿನ ಪತ್ರಿಕೆಯನ್ನು ಅವಳೇ ಟೈಪ್ ಮಾಡಿ ಕೊಡುತ್ತಿದ್ದಾಳೆ. ಇನ್ನೊಬ್ಬಳಿಗೆ ಹೀಗಾಗಲಿಲ್ಲ. ಅವಳನ್ನು ಕಳಿಸಿದ್ದ ಆಫೀಸಿನಲ್ಲಿ ಕಸ ಗುಡಿಸಲು, ಟೀ ತರಲು ಹಚ್ಚಿದರು. ಒಂದು ವಾರ ನನಗೆ ಹೇಳಲೇ ಇಲ್ಲ. ದುಡ್ಡು ಕೊಡುತ್ತಿದ್ದಾರಲ್ಲ, ಹಾಗೆ ಹೇಳಿದರೆ ತಪ್ಪಾಗುತ್ತದೆ ಅಂದುಕೊಂಡಿದ್ದಳಂತೆ. ಗೊತ್ತಾದ ದಿನವೇ ಬಿಡಿಸಿದೆ. ಆ ವಾರದ ಸಂಬಳ ನಾವೇ ಕೊಟ್ಟೆವು. ಮೊದಲ ದಿನವೇ ನಾನು ಹೋಗಿ ಒಂದು ಗಂಟೆ ಕೂತು ನೋಡಬೇಕಿತ್ತು. ಈ ಸಲ ಹಾಗೇ ಮಾಡುತ್ತೇನೆ.

ಸಾರಿನ ಬಕೆಟ್ಟಿನ ಹುಡುಗ ಹೋಗಿದ್ದು ಸಂತೇಪೇಟೆಯ ಒಂದು ದಿನಸಿ ಸಗಟು ಅಂಗಡಿಗೆ. ಅಂಗಡಿಯವರು ನನ್ನ ಹಳೇ ವಿದ್ಯಾರ್ಥಿ. ಮೂಟೆ ಹೊರಿಸಬಾರದು, ಸ್ಟಾಕ್ ಪುಸ್ತಕ ಬರೆಸಬೇಕು ಅಂತ ಮೊದಲೇ ಹೇಳಿದ್ದೆ. ಎರಡನೇ ವಾರ ನೋಡಲು ಹೋದಾಗ ಅವನು ಮೂಟೆಗಳ ನಡುವೆ ಸಣ್ಣ ಸ್ಟೂಲಿನ ಮೇಲೆ ಕೂತು, ಕಿವಿಗೆ ಪೆನ್ ಸಿಕ್ಕಿಸಿಕೊಂಡು, ತೊಗರಿಬೇಳೆ ಮೂಟೆ ಎಣಿಸುತ್ತಿದ್ದ. ಪುಸ್ತಕದಲ್ಲಿ ಹದಿನೆಂಟು, ನೆಲದ ಮೇಲೆ ಹದಿನೇಳು. ಅಂಗಡಿಯವರು "ಬಿಡೋ, ಎಲ್ಲೋ ಬರೆಯೋದು ಬಿಟ್ಟುಹೋಗಿರುತ್ತೆ" ಅಂದರೂ ಅವನು ಬಿಡಲಿಲ್ಲ. ಬಿಲ್ ಪುಸ್ತಕ ಹಿಂದಕ್ಕೆ ತಿರುವುತ್ತಾ ಹೋದ. ಸೋಮವಾರ ಹೋದ ಒಂದು ಮೂಟೆಯ ಬಿಲ್ ಸಿಕ್ಕಿದಾಗ ನನ್ನ ಕಡೆ ತಿರುಗಿ ನಕ್ಕ.

ಆಮೇಲೆ ಜೇಬಿನಿಂದ ಒಂದು ಸಣ್ಣ ಡೈರಿ ತೆಗೆದು ತೋರಿಸಿದ. ಸಾಮಾನು ತಗೊಳ್ಳೋಕೆ ಬರುವ ಅಡುಗೆ ಕಂಟ್ರಾಕ್ಟರ್‌ಗಳನ್ನು ಕೇಳಿ ಕೇಳಿ ಬರೆದುಕೊಂಡಿದ್ದ. 100 ಎಲೆಗೆ 10 ಕೆಜಿ ಅಕ್ಕಿ. ಕೆಳಗೆ ಬೇಳೆ, ಎಣ್ಣೆ, ಹುಣಸೆಹಣ್ಣು, ಬೆಲ್ಲ. ಪಕ್ಕದ ಪುಟದಲ್ಲಿ 600 ಎಲೆಗೆ ಎಲ್ಲದರ ಲೆಕ್ಕ, ಆವತ್ತಿನ ರೇಟಿನ ಜೊತೆ. "ಮಿಸ್, ಇಲ್ಲಿ ಪಲ್ಯಕ್ಕೆ ಸ್ವಲ್ಪ ಜಾಸ್ತಿ ಹಿಡಿದಿದ್ದೀನಿ. ಮೊದಲ ಪಂಕ್ತೀಲಿ ಹೆಚ್ಚು ಹೋಗುತ್ತೆ."

ಈಗ ಅವನು ಪಿಯುಸಿ ಕಾಮರ್ಸ್. ಈ ವರ್ಷ ನಮಗೆ ಐದು ಜಾಗ ಸಿಕ್ಕಿದೆ. ಹೆಸರು ಕೊಟ್ಟಿರುವವರು ಹತ್ತೊಂಬತ್ತು ಮಕ್ಕಳು. ಯಾರನ್ನು ಆರಿಸುವುದು ಅಂತ ಸ್ಟಾಫ್ ರೂಮಿನಲ್ಲಿ ಮಾತು ಬಂದಾಗ ಪ್ರಿಪರೇಟರಿ ಮಾರ್ಕ್ಸ್ ನೋಡೋಣ ಅಂದರು ಕೆಲವರು. ನಾನು ಬೇಡ ಅಂದೆ. ದುಡ್ಡಿನ ರುಚಿ ಹತ್ತಿಸಬೇಡಿ ಅಂದಿದ್ದ ಅದೇ ಹಿರಿಯರು ಮನೆಯಿಂದ ಒಂದು ಖಾಲಿ ಬಿಸ್ಕತ್ ಡಬ್ಬಿ ತಂದು ನನ್ನ ಮೇಜಿನ ಮೇಲೆ ಇಟ್ಟಿದ್ದಾರೆ. ಶನಿವಾರ ಕೊನೇ ಪೀರಿಯಡ್‌ನಲ್ಲಿ, ಎಲ್ಲ ಮಕ್ಕಳ ಮುಂದೆ, ಏಳನೇ ಕ್ಲಾಸಿನ ಒಂದು ಪುಟ್ಟಿಯ ಕೈಯಲ್ಲಿ ಚೀಟಿ ಎತ್ತಿಸುತ್ತೇವೆ.